ನೂರಕ್ಕೆ 56 ಬಂದರೆ ನರ್ಸಿಂಗ್ ಸೀಟು ಸಿಗುತ್ತದಾ?

ಓದುಗರ ಪ್ರಶ್ನೆಗಳಿಗೆ ಬಳ್ಳಾರಿಯ ನಿವೃತ್ತ ನರ್ಸಿಂಗ್ ಶಿಕ್ಷಕಿಯ ಉತ್ತರ

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು ಕುಷ್ಟಗಿ ತಾಲ್ಲೂಕಿನ ಹಳ್ಳಿ. ಹತ್ತನೇ ತರಗತಿವರೆಗೆ ಊರಿನ ಸರ್ಕಾರಿ ಶಾಲೆಯಲ್ಲೇ ಓದಿದೆ. ಪಿಯುಸಿ ಸೈನ್ಸ್‌ನಲ್ಲಿ 600ಕ್ಕೆ 338 ಬಂದಿದೆ. ಫಿಸಿಕ್ಸ್ 38, ಕೆಮಿಸ್ಟ್ರಿ 47, ಬಯಾಲಜಿ 64. ಸಿಇಟಿ ಬರೆದಿದ್ದೇನೆ, ಚೆನ್ನಾಗಿ ಆಗಿಲ್ಲ. ನನಗೆ ನರ್ಸ್ ಆಗಬೇಕು ಅಂತ ಚಿಕ್ಕಂದಿನಿಂದ ಆಸೆ. ಆದರೆ ನನ್ನ ಗೆಳತಿಗೆ ನೂರಕ್ಕೆ 92 ಬಂದಿದೆ, ಅವಳೂ ನರ್ಸಿಂಗ್ ಹಾಕುತ್ತಾಳಂತೆ. ಅವಳಂಥವರು ಸಾವಿರಾರು ಜನ ಮುಂದಿರುವಾಗ ನನಗೆಲ್ಲಿ ಸೀಟು? ಮನೆಗೆ ಬಂದ ಏಜೆಂಟ್ ಒಬ್ಬರು ಈ ವಾರವೇ 50 ಸಾವಿರ ಮತ್ತು ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಟ್ಟರೆ ಬೆಂಗಳೂರಲ್ಲಿ ಸೀಟು ಪಕ್ಕಾ ಎಂದಿದ್ದಾರೆ. ಅಪ್ಪ ಗೂಡ್ಸ್ ಆಟೋ ಓಡಿಸುತ್ತಾರೆ. ಸಾಲ ಮಾಡಲು ಹೊರಟಿದ್ದಾರೆ. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ: ಮಗಳೇ, ಮೊದಲು ಅಪ್ಪನನ್ನು ತಡಿ. ಆ 50 ಸಾವಿರ ಕೊಡಬೇಡಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಮತ್ತು ಟಿಸಿಯನ್ನಂತೂ ಯಾವ ಏಜೆಂಟ್ ಕೈಗೂ ಕೊಡಬೇಡ. ಪತ್ರ ಒಂದು ಸಲ ಅವರ ಕೈಗೆ ಹೋದರೆ, ನಾಳೆ ಸರ್ಕಾರಿ ಸೀಟೇ ಸಿಕ್ಕರೂ ಸೇರಲು ಆಗುವುದಿಲ್ಲ. ಹೀಗೆ ಸಿಕ್ಕಿಹಾಕಿಕೊಂಡು ಅತ್ತ ಹುಡುಗಿಯರನ್ನು ನಾನು ಕಣ್ಣಾರೆ ನೋಡಿದ್ದೇನೆ. "ಈ ವಾರವೇ" ಅನ್ನುವ ಮಾತಿದೆಯಲ್ಲ, ಅದು ನಿನ್ನ ಭಯ ನೋಡಿ ಆಡಿದ ಮಾತು. ಪರೀಕ್ಷೆಯ ಫಲಿತಾಂಶ ಬಂದ ವಾರದಲ್ಲೇ ಸೀಟು ಮುಗಿದುಹೋಗುವ ವ್ಯವಸ್ಥೆ ನಮ್ಮಲ್ಲಿಲ್ಲ.

ಈಗ ನಿನ್ನ ಅಂಕಕ್ಕೆ ಬರೋಣ. ಬಿಎಸ್ಸಿ ನರ್ಸಿಂಗ್‌ಗೆ ಒಟ್ಟು ಶೇಕಡಾವಾರು ಮುಖ್ಯ ಅಲ್ಲ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಸೇರಿ ನೂರಕ್ಕೆ 45 ಇರಬೇಕು, ಇಂಗ್ಲಿಷ್ ಪಾಸಾಗಿರಬೇಕು. ಪರಿಶಿಷ್ಟರಿಗೆ 40 ಸಾಕು. ನಿನ್ನ ಮೂರೂ ಸೇರಿಸಿದರೆ 149, ಅಂದರೆ ನೂರಕ್ಕೆ 50ರ ಹತ್ತಿರ. ನೀನು ಬಾಗಿಲ ಒಳಗೇ ಇದ್ದೀಯ. ಇದನ್ನು ಯಾರೂ ನಿನಗೆ ಕೂಡಿಸಿ ತೋರಿಸಿಲ್ಲ ಅನ್ನಿಸುತ್ತದೆ.

ಇನ್ನು ಆ 92ರ ಗೆಳತಿ. ಅವಳು ನರ್ಸಿಂಗ್ ಹಾಕುತ್ತಾಳೆ, ನಿಜ. ಆದರೆ ಅವಳು ನೀಟ್ ಕೂಡ ಬರೆದಿರುತ್ತಾಳೆ, ಆಯುರ್ವೇದಕ್ಕೆ ಹಾಕುತ್ತಾಳೆ, ಬಿಎಸ್ಸಿ ಅಗ್ರಿ ಹಾಕುತ್ತಾಳೆ, ಫಾರ್ಮಸಿಗೂ ಹಾಕುತ್ತಾಳೆ. ಎಲ್ಲ ಪಟ್ಟಿಯಲ್ಲೂ ಅವಳ ಹೆಸರು ಇರುತ್ತದೆ, ಆದರೆ ಕೂರುವುದು ಒಂದೇ ಸೀಟಿನಲ್ಲಿ. ಪಟ್ಟಿಯಲ್ಲಿ ನಿನಗಿಂತ ಮೇಲಿರುವ ಎಷ್ಟೋ ಜನಕ್ಕೆ ನರ್ಸಿಂಗ್ ಬೇಕೇ ಇಲ್ಲ. ಅವರು ಒಬ್ಬೊಬ್ಬರಾಗಿ ಬಿಟ್ಟುಹೋದ ಹಾಗೆ ಸೀಟು ಕೆಳಗಿನವರಿಗೆ ಬರುತ್ತದೆ. ಸೀಟು ಹಂಚಿಕೆಯ ಮೊದಲ ಸುತ್ತಿನಲ್ಲಿ ಏನೂ ಸಿಗದೆ, ಮುಂದಿನ ಸುತ್ತಿನಲ್ಲಿ ಒಳ್ಳೆ ಕಾಲೇಜು ಸಿಕ್ಕ ವಿದ್ಯಾರ್ಥಿನಿಯರಿಗೆ ನಾನು ಪಾಠ ಮಾಡಿದ್ದೇನೆ. ಅವರಲ್ಲಿ ಕೆಲವರು ಕ್ಲಾಸಿಗೆ ತಡವಾಗಿ ಸೇರಿ, ಅನಾಟಮಿಯ ಮೊದಲ ಪಾಠಗಳನ್ನು ಗೆಳತಿಯರ ನೋಟ್ಸ್ ನೋಡಿ ಬರೆದುಕೊಂಡರು. ಆದ್ದರಿಂದ ನಿನ್ನ ರ್‍ಯಾಂಕ್ ಎಷ್ಟೇ ಹಿಂದೆ ಬಂದರೂ ಅದನ್ನು ನೋಡಿ ಕೈಬಿಡಬೇಡ.

ಈಗ ಮೊದಲು ಕೈ ಹಾಕಬೇಕಾದ್ದು ಕಾಗದಪತ್ರಕ್ಕೆ. ಇದರಲ್ಲೇ ನಮ್ಮ ಭಾಗದ ಮಕ್ಕಳು ಜಾಸ್ತಿ ಕಳೆದುಕೊಳ್ಳುತ್ತಾರೆ, ಅಂಕದಲ್ಲಿ ಅಲ್ಲ. ಸಂವಿಧಾನದ 371ಜೆ ಪ್ರಕಾರ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ಈ ಭಾಗದವರಿಗೆ ಮೀಸಲು. ರಾಜ್ಯಮಟ್ಟದ ಸಂಸ್ಥೆಗಳಲ್ಲಿ 8. ಇದಕ್ಕೆ ಅರ್ಹತಾ ಪತ್ರ ನಿನ್ನ ಹೆಸರಿನಲ್ಲೇ ಇರಬೇಕು. ಅಣ್ಣನಿಗೆ ಮಾಡಿಸಿದ್ದು ನಿನಗೆ ನಡೆಯುವುದಿಲ್ಲ. ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು, ಪತ್ರ ಕೊಡುವವರು ಉಪವಿಭಾಗಾಧಿಕಾರಿ. ನಿಮಗೆ ಅವರ ಕಚೇರಿ ಕೊಪ್ಪಳದಲ್ಲಿದೆ. ಇನ್ನೊಂದು, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿ. ನೀನು ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲೇ, ಕನ್ನಡದಲ್ಲೇ ಓದಿದ್ದರೆ ಎರಡೂ ನಿನ್ನ ಹಕ್ಕು. ಶಾಲೆಯ ಮುಖ್ಯ ಶಿಕ್ಷಕರಿಂದ ವ್ಯಾಸಂಗ ಪತ್ರ ತಗೊಂಡು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರ ಮೇಲುಸಹಿ ಹಾಕಿಸಿಕೋ. ರಜೆಯಲ್ಲಿ ಶಾಲೆ ಮುಚ್ಚಿರುತ್ತದೆ, ಮುಖ್ಯ ಶಿಕ್ಷಕರು ಊರಿಗೆ ಹೋಗಿರುತ್ತಾರೆ. ಅದಕ್ಕೇ ಈಗಲೇ ಫೋನ್ ಮಾಡಿ ಕೇಳು. ಸಿಇಟಿ ಅರ್ಜಿಯಲ್ಲಿ ಇವನ್ನೆಲ್ಲ ಕ್ಲೇಮ್ ಮಾಡಿದ್ದೀಯಾ ಎಂದೂ ಒಮ್ಮೆ ತೆಗೆದು ನೋಡು.

ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ತುಂಬುವಾಗ ಬೆಂಗಳೂರಿನ ನಾಲ್ಕು ಹೆಸರಿನ ಕಾಲೇಜು ಹಾಕಿ ಸುಮ್ನೆ ಕೂರಬೇಡ. ಬಳ್ಳಾರಿ, ರಾಯಚೂರಿನ ಸರ್ಕಾರಿ ನರ್ಸಿಂಗ್ ಕಾಲೇಜು ಮೇಲೆ ಇರಲಿ, ಆಮೇಲೆ ನಮ್ಮ ಭಾಗದ ಉಳಿದವು. ನಿನಗೆ ನಿಜವಾಗಿ ಎಲ್ಲಿ ಓದಬೇಕೋ ಅದೇ ಕ್ರಮದಲ್ಲಿ ಹಾಕು. "ಅದು ನನಗೆ ಸಿಗಲ್ಲ ಬಿಡು" ಅಂತ ನೀನೇ ಕೆಳಗೆ ತಳ್ಳಬೇಡ. ಮೇಲಿನದು ಸಿಗದಿದ್ದರೆ ಕಂಪ್ಯೂಟರ್ ತಾನಾಗಿ ಕೆಳಗಿನದನ್ನು ನೋಡುತ್ತದೆ, ನಿನಗೇನೂ ನಷ್ಟ ಇಲ್ಲ. ಸೀಟು ಹಂಚಿಕೆ ಆದ ಮೇಲೆ ಚಾಯ್ಸ್ ಕೇಳುತ್ತಾರೆ. ಸಿಕ್ಕಿದ್ದು ಇರಲಿ, ಇನ್ನೂ ಒಳ್ಳೆಯದು ಬಂದರೆ ಬೇಕು ಅನ್ನುವುದಾದರೆ ಚಾಯ್ಸ್ 2. ಚಾಯ್ಸ್ 4 ಅಂದರೆ ನೀನು ಪೂರ್ತಿ ಹೊರಗೆ ಹೋದ ಹಾಗೆ. ಸೈಬರ್ ಅಂಗಡಿಯಲ್ಲಿ ಕೂತಾಗ ಆ ಬಟನ್ ಅನ್ನು ನೀನೇ ಒತ್ತು, ಬೇರೆಯವರಿಗೆ ಬಿಡಬೇಡ.

ಫಿಸಿಕ್ಸ್‌ನ 38 ನಿನ್ನನ್ನು ಕೊರೆಯುತ್ತಿದ್ದರೆ ಅದಕ್ಕೂ ದಾರಿ ಇದೆ. ಪಿಯುಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಪಾಸಾದವರೂ ಪರೀಕ್ಷೆ-2 ಬರೆಯಬಹುದು, ಯಾವುದರಲ್ಲಿ ಜಾಸ್ತಿ ಬಂದಿದೆಯೋ ಅದೇ ಉಳಿಯುತ್ತದೆ. ಫಿಸಿಕ್ಸ್, ಕೆಮಿಸ್ಟ್ರಿ ಎರಡನ್ನೇ ಬರೆ. ರಾತ್ರಿ ನಿದ್ದೆಗೆಟ್ಟು ಗೆಳತಿಯ ವಾಟ್ಸಾಪ್ ಸ್ಟೇಟಸ್ ನೋಡುವ ಬದಲು ಆ ಹೊತ್ತು ಫಿಸಿಕ್ಸ್‌ಗೆ ಕೊಡು. ಅವಳ ಸ್ಟೇಟಸ್ ಸ್ವಲ್ಪ ದಿನ ಮ್ಯೂಟ್ ಮಾಡು. ಸ್ನೇಹಕ್ಕೆ ಅದರಿಂದ ಏನೂ ಆಗುವುದಿಲ್ಲ.

ಒಂದು ವೇಳೆ ಬಿಎಸ್ಸಿ ಸಿಗಲೇ ಇಲ್ಲ ಅನ್ನು. ಆಗ ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾ ಜಿಎನ್‌ಎಂ ಇದೆ. ಅದನ್ನು ಮುಗಿಸಿ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿ, ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿದರೆ ಪದವಿ ನಿನ್ನದೇ. ಒಂದು ವರ್ಷ ಹೆಚ್ಚು ಹಿಡಿಯುತ್ತದೆ, ಅಷ್ಟೇ. ಜಿಎನ್‌ಎಂ ಮಾಡಿದವರನ್ನು ಕೀಳಾಗಿ ನೋಡುವವರ ಮಾತಿಗೆ ಕಿವಿಗೊಡಬೇಡ. ನಾನು ಕಂಡ ಅತ್ಯುತ್ತಮ ಲೇಬರ್ ವಾರ್ಡ್ ಸಿಸ್ಟರ್‌ಗಳಲ್ಲಿ ಹಲವರು ಈ ದಾರಿಯಲ್ಲೇ ಬಂದವರು. ಖಾಸಗಿ ಕಾಲೇಜಿಗೇ ಹೋಗಬೇಕಾಗಿ ಬಂದರೆ ಅಪ್ಪನ ಜೊತೆ ಹೋಗಿ ಕಣ್ಣಾರೆ ನೋಡು. ಕರ್ನಾಟಕ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯಾ, ಬಿಎಸ್ಸಿ ಆದರೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯಕ್ಕೆ ಸೇರಿದ್ದಾ, ಮಕ್ಕಳು ಯಾವ ಆಸ್ಪತ್ರೆಗೆ ಪೋಸ್ಟಿಂಗ್ (ಕೆಲಸ ಕಲಿಯಲು) ಹೋಗುತ್ತಾರೆ ಎಂದು ಅಲ್ಲಿ ಓದುವ ಸೀನಿಯರ್‌ಗಳನ್ನೇ ಕೇಳು. ಆಸ್ಪತ್ರೆಯ ಹೆಸರು ಹೇಳಲು ತಡವರಿಸಿದರೆ ವಾಪಸ್ ಬಾ.

ಇನ್ನೊಂದು ಮಾತು, ಇದು ಶಿಕ್ಷಕಿಯಾಗಿ ಹೇಳುತ್ತೇನೆ. ನಿನಗೆ ನಿಜವಾದ ಕಷ್ಟ ಬರುವುದು ಸೀಟು ಸಿಕ್ಕ ಮೇಲೆ, ಮೊದಲ ಆರು ತಿಂಗಳು. ಪುಸ್ತಕ ಎಲ್ಲ ಇಂಗ್ಲಿಷ್. ಕನ್ನಡ ಮಾಧ್ಯಮದ ಬುದ್ಧಿವಂತ ಮಕ್ಕಳೇ ಅಲ್ಲಿ ಕಂಗಾಲಾಗುತ್ತಾರೆ. ಬಯಾಲಜಿಯ 64 ನಿನ್ನ ಬಲ, ಅದೇ ಪುಸ್ತಕದಲ್ಲಿ ಮನುಷ್ಯ ದೇಹದ ಪಾಠಗಳನ್ನು ದಿನಕ್ಕೆ ಒಂದು ಪುಟ ಗಟ್ಟಿಯಾಗಿ ಓದು. ಜೊತೆಗೆ ಡೋಸ್ ಲೆಕ್ಕ ಕಲಿ. ಡಾಕ್ಟರ್ 250 ಮಿಲಿಗ್ರಾಂ ಬರೆದಿದ್ದಾರೆ, ಕೈಯಲ್ಲಿರುವ ಔಷಧಿ 2 ಎಂಎಲ್‌ಗೆ 500 ಮಿಲಿಗ್ರಾಂ. ಎಷ್ಟು ಎಳೆಯಬೇಕು? 1 ಎಂಎಲ್. 500 ಎಂಎಲ್ ಡ್ರಿಪ್ ನಾಲ್ಕು ಗಂಟೆಯಲ್ಲಿ ಹೋಗಬೇಕು, ಸೆಟ್‌ನಲ್ಲಿ ಒಂದು ಎಂಎಲ್‌ಗೆ 20 ಹನಿ. ನಿಮಿಷಕ್ಕೆ ಎಷ್ಟು ಹನಿ? ಸುಮಾರು 42. ಇದು ಆರನೇ ಕ್ಲಾಸಿನ ಗುಣಾಕಾರ, ಭಾಗಾಕಾರ. ಆದರೆ ರಾತ್ರಿ ಪಾಳಿಯಲ್ಲಿ ತಪ್ಪದೆ ಮಾಡುವವಳ ಮೇಲೆ ಇಡೀ ವಾರ್ಡ್ ಭರವಸೆ ಇಡುತ್ತದೆ. ಫಿಸಿಕ್ಸ್‌ನಲ್ಲಿ 38 ಬಂದವಳೂ ಇದನ್ನು ಕಲಿಯಬಹುದು.

ಪ್ರಶ್ನೆ: ನಾನು ಸಿರುಗುಪ್ಪದ ರೈತ. ಮಗ ಆರ್ಟ್ಸ್‌ನಲ್ಲಿ ನೂರಕ್ಕೆ 52 ತಗೊಂಡು ಪಾಸಾಗಿದ್ದಾನೆ. ನರ್ಸಿಂಗ್ ಓದುತ್ತೇನೆ ಅಂತ ಹಟ ಹಿಡಿದಿದ್ದಾನೆ. ಆರ್ಟ್ಸ್‌ನವರಿಗೆ ಸೀಟು ಇದೆಯಾ? ಬೀಗರೆಲ್ಲ ಇದು ಹೆಣ್ಣುಮಕ್ಕಳ ಕೆಲಸ ಎನ್ನುತ್ತಿದ್ದಾರೆ.

ಉತ್ತರ: ಯಜಮಾನರೇ, ಹುಡುಗ ತಾನಾಗಿ ಕೇಳುತ್ತಿದ್ದಾನೆ ಅಂದರೆ ಅದು ಸಂತೋಷದ ವಿಷಯ. ಅವನನ್ನು ತಡೆಯಬೇಡಿ. ಬಿಎಸ್ಸಿ ನರ್ಸಿಂಗ್‌ಗೆ ಸೈನ್ಸ್ ಬೇಕೇ ಬೇಕು, ಆದರೆ ಜಿಎನ್‌ಎಂಗೆ ಆರ್ಟ್ಸ್ ಓದಿದವರೂ ಸೇರಬಹುದು. ಎಮರ್ಜೆನ್ಸಿ, ಮೂಳೆ ವಿಭಾಗ, ಗಂಡಸರ ವಾರ್ಡ್, ಡಯಾಲಿಸಿಸ್ ಎಲ್ಲ ಕಡೆ ಗಂಡು ನರ್ಸ್‌ಗಳಿದ್ದಾರೆ. ಸೊಂಟ ಮುರಿದ ರೋಗಿಯನ್ನು ಹೊರಳಿಸುವ ಹೊತ್ತಿಗೆ ಅವರನ್ನೇ ಕೂಗಿ ಕರೆಯುತ್ತೇವೆ. ಬೀಗರು ಒಂದು ಸಲ ಬಳ್ಳಾರಿ ಆಸ್ಪತ್ರೆಗೆ ಬಂದು ನೋಡಲಿ.

ಒಂದು ವಿಷಯ ನೀವು ಬರೆದಿಲ್ಲ, ಇಂಗ್ಲಿಷ್‌ನಲ್ಲಿ ಅವನಿಗೆ ಎಷ್ಟು ಬಂದಿದೆ ಅನ್ನುವುದು. ಜಿಎನ್‌ಎಂಗೆ ಒಟ್ಟಾರೆ ನೂರಕ್ಕೆ 40 ಬೇಕು, ಇಂಗ್ಲಿಷ್‌ನಲ್ಲೂ ಅಷ್ಟು ಇರಬೇಕು. ಅಂಕಪಟ್ಟಿ ತೆಗೆದು ಮೊದಲು ಅದನ್ನು ನೋಡಿ. ಕಡಿಮೆ ಇದ್ದರೆ ಪರೀಕ್ಷೆ-2ರಲ್ಲಿ ಇಂಗ್ಲಿಷ್ ಒಂದನ್ನೇ ಮತ್ತೆ ಬರೆಯಲಿ. ಅರ್ಜಿ ಕಟ್ಟುವ ಕೊನೆಯ ದಿನ ಯಾವಾಗ ಎಂದು ಅವನ ಕಾಲೇಜಿನಲ್ಲಿ ನಾಳೆಯೇ ವಿಚಾರಿಸಿ.