ಬೈಪಾಸ್ ಆದ ತಂದೆಯನ್ನು ನೋಡಿಕೊಳ್ಳಲು ನರ್ಸ್ ಇಡಲಾ, ನಾನೇ ರಜೆ ಹಾಕಲಾ?

ನಿಮ್ಮ ತಂದೆಗೆ ಹಾರ್ಟಿನ ಬೈಪಾಸ್ ಆಪರೇಷನ್ ಆಗಿದೆ, ನಾಳೆ ಮನೆಗೆ ಬರುತ್ತಾರೆ, ನರ್ಸ್ ಇಡೋದಾ ಇಲ್ಲಾ ಎರಡು ತಿಂಗಳು ರಜೆ ಹಾಕೋದಾ ಅಂತ ಕೇಳಿದ್ದೀರಿ. ಮೂರು ವರ್ಷದ ಹಿಂದೆ ನಾನೂ ಇದನ್ನೇ ಸಿಕ್ಕಸಿಕ್ಕವರ ಹತ್ತಿರ ಕೇಳಿಕೊಂಡು ಓಡಾಡಿದ್ದೆ. ಕೊನೆಗೆ ರಜೆ ಹಾಕಿದೆ. ಹಗಲು ರಾತ್ರಿ ಮಂಚದ ಪಕ್ಕದಲ್ಲೇ ಇದ್ದೆ. ಹಾಗಿದ್ದೂ ಮನೆಗೆ ಬಂದ ಹತ್ತನೇ ದಿನ ಅಪ್ಪನನ್ನು ವಾಪಸ್ ಅಡ್ಮಿಟ್ ಮಾಡಬೇಕಾಯಿತು. ತಪ್ಪು ನನ್ನದೇ.

ನಮ್ಮದು ತಿಪಟೂರು. ಅಪ್ಪನದು ಕೊಬ್ಬರಿ ವ್ಯಾಪಾರ. ಬೆಂಗಳೂರಲ್ಲಿ ಆಪರೇಷನ್ ಚೆನ್ನಾಗಿಯೇ ಆಯಿತು. ಮನೆಗೆ ಕಳಿಸುವಾಗ ಒಂಬತ್ತು ಥರದ ಮಾತ್ರೆ ಬರೆದುಕೊಟ್ಟರು. ಅದರಲ್ಲೊಂದು ಲ್ಯಾಸಿಕ್ಸ್. ನಮ್ಮ ಕಡೆ ನೀರಿನ ಮಾತ್ರೆ ಅಂತಾರೆ. ಬೆಳಿಗ್ಗೆ 8ಕ್ಕೆ ಒಂದು, ಸಂಜೆ 4ಕ್ಕೆ ಒಂದು.

ನಾನು ದೊಡ್ಡ ಜಾಣ. ಸಂಜೆ ಒಂದೇ ಒಂದು ಮಾತ್ರೆಗೆ ಯಾಕೆ ಮತ್ತೆ ಡಬ್ಬಿ ತೆಗೆಯೋದು ಅಂತ ಅದನ್ನು ರಾತ್ರಿ ಊಟದ ಮಾತ್ರೆಗಳ ಜೊತೆ ಸೇರಿಸಿಬಿಟ್ಟೆ. ಈ ಮಾತ್ರೆ ನುಂಗಿದರೆ ಮುಂದಿನ ಐದಾರು ಗಂಟೆ ಮೂತ್ರಕ್ಕೆ ಹೋಗುತ್ತಲೇ ಇರಬೇಕು. ಅದಕ್ಕೇ ಅವರು 4 ಗಂಟೆ ಅಂತ ಬರೆದಿದ್ದು, ರಾತ್ರಿ ನಿದ್ದೆ ಕೆಡದಿರಲಿ ಅಂತ. ಒಂಬತ್ತಕ್ಕೆ ಕೊಟ್ಟರೆ ಇನ್ನೇನಾಗುತ್ತದೆ? ರಾತ್ರಿಯಿಡೀ ಎದ್ದೆದ್ದು ಹೋಗುವುದೇ ಆಯಿತು. ಮೂರು ರಾತ್ರಿ ಹೀಗೇ. ನಾಲ್ಕನೇ ದಿನ ಬೆಳಿಗ್ಗೆ "ಆ ಮಾತ್ರೆ ಒಂದು ಬೇಡ ಕಣೋ, ಕಣ್ಣು ಮುಚ್ಚಕ್ಕೇ ಬಿಡಲ್ಲ" ಅಂದರು.

ಆಗ ನಾನು ಆಸ್ಪತ್ರೆಯವರು ಬರೆದುಕೊಟ್ಟ ಹಾಳೆ ತೆಗೆದು ಇನ್ನೊಮ್ಮೆ ಓದಬೇಕಿತ್ತು. ಇಲ್ಲಾ ಅದರ ಕೆಳಗಿದ್ದ ನಂಬರಿಗೆ ಫೋನ್ ಮಾಡಬೇಕಿತ್ತು. ಎರಡೂ ಮಾಡಲಿಲ್ಲ. ಇದೇನು ಹಾರ್ಟಿನ ಮಾತ್ರೆ ಅಲ್ವಲ್ಲ, ಮೂತ್ರದ್ದು ತಾನೇ ಅಂದುಕೊಂಡೆ. ಎರಡೂ ಹೊತ್ತಿನದು ನಿಲ್ಲಿಸಿಬಿಟ್ಟೆ.

ಆಮೇಲೆ ಗೊತ್ತಾಯಿತು, ಅದು ಹಾರ್ಟಿನದೇ ಮಾತ್ರೆ. ಇಂಥ ಆಪರೇಷನ್ನಲ್ಲಿ ಮೈಯಲ್ಲಿ ನೀರು ತುಂಬಿಕೊಳ್ಳುತ್ತದಂತೆ, ಅದನ್ನು ಮೆಲ್ಲಗೆ ಹೊರಗೆ ಹಾಕಬೇಕು. ಅಪ್ಪನ ಹಾರ್ಟಿನ ಪಂಪಿಂಗ್ ಮೊದಲೇ ಕಮ್ಮಿ. ಹೊರಗೆ ಹೋಗದ ನೀರು ಕಾಲಿಗೆ ಇಳಿಯುತ್ತದೆ, ಶ್ವಾಸಕೋಶಕ್ಕೂ ಸೇರುತ್ತದೆ.

ಮಜಾ ನೋಡಿ, ಆ ದಿನಗಳಲ್ಲಿ ಅಪ್ಪ ನೋಡಲು ಚೆನ್ನಾಗಿ ಕಾಣುತ್ತಿದ್ದರು. ಬಂದ ನೆಂಟರೆಲ್ಲ "ಮುಖ ತುಂಬ್ಕೊಂಡಿದೆ, ಚೇತರಿಸ್ಕೊಂಡ್ರು" ಅಂದರು. ನಾನೂ ಹಿಗ್ಗಿದೆ. ಬೈಪಾಸಿಗೆ ಬೇಕಾದ ರಕ್ತನಾಳ ತೆಗೆದದ್ದು ಎಡಗಾಲಿಂದ, ಅದು ಸ್ವಲ್ಪ ಊದುವುದು ಸಹಜ ಅಂತ ಮೊದಲೇ ಹೇಳಿದ್ದರು. ಬಲಗಾಲೂ ಊದಿತ್ತು. ಕೂತೂ ಕೂತೂ ಹಾಗಾಗಿರಬೇಕು ಅಂದುಕೊಂಡೆ. ಹೆಬ್ಬೆರಳಲ್ಲಿ ಒತ್ತಿದರೆ ಹದವಾದ ರೊಟ್ಟಿ ಹಿಟ್ಟಿನ ಹಾಗೆ ಕುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ಅದನ್ನೂ ನೋಡಿದೆ, ಸುಮ್ನಿದ್ದೆ.

ಹತ್ತನೇ ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ಅಪ್ಪ ಮಂಚದ ಮೇಲಿರಲಿಲ್ಲ. ಕಿಟಕಿ ಪಕ್ಕ ಕುರ್ಚಿಯಲ್ಲಿ, ದಿಂಬನ್ನು ಎದೆಗೆ ಅವಚಿಕೊಂಡು ಮುಂದಕ್ಕೆ ಬಾಗಿ ಕೂತಿದ್ದರು. "ಮಲಗಿದ್ರೆ ಉಸಿರು ಕಟ್ಟತ್ತೆ" ಅಂದರು. ಎರಡು ರಾತ್ರಿಯಿಂದ ಹಾಗೇ ಕೂತಿದ್ದರಂತೆ, ನನ್ನ ನಿದ್ದೆ ಕೆಡುತ್ತದೆ ಅಂತ ಎಬ್ಬಿಸಿರಲಿಲ್ಲ.

ಆಸ್ಪತ್ರೆಯಲ್ಲಿ ತೂಕ ನೋಡಿದರು. ಡಿಸ್ಚಾರ್ಜ್ ಆದಾಗ 61 ಕೆಜಿ ಇದ್ದವರು ಈಗ 65. ಹೊಟ್ಟೆ ತುಂಬ ಉಂಡಿದ್ದೇ ಇಲ್ಲ, ನಾಲ್ಕು ಕೆಜಿ ಎಲ್ಲಿಂದ ಬಂತು? ಲೀಟರ್ ನೀರಿಗೆ ಒಂದು ಕೆಜಿ ಲೆಕ್ಕ ಹಾಕಿಕೊಳ್ಳಿ. ಬೆನ್ನಿಗೆ ಸೂಜಿ ಹಾಕಿ ಶ್ವಾಸಕೋಶದ ಸುತ್ತ ನಿಂತ ನೀರು ತೆಗೆದರು. ಐದು ದಿನ ಇಟ್ಟುಕೊಂಡರು. ದುಡ್ಡು ಹೋಗಲಿ, ಅಪ್ಪನ ಧೈರ್ಯವೇ ಹೋಯಿತು. ಆಮೇಲೆ ಒಂದು ತಿಂಗಳು ಮಲಗಲು ಹೆದರುತ್ತಿದ್ದರು.

"ದಿನಾ ಬೆಳಿಗ್ಗೆ ತೂಕ ನೋಡಿ" ಅಂತ ಅದೇ ಹಾಳೆಯಲ್ಲಿ ಬರೆದಿತ್ತು. ತೂಕದ ಯಂತ್ರ ಮನೆಯಲ್ಲೇ ಇತ್ತು, ಅವರ ಮಂಚದ ಕೆಳಗೇ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಪಕ್ಕದಲ್ಲಿ ಯಾರು ಕೂರುತ್ತಾರೆ ಅನ್ನುವುದು ಆಮೇಲಿನ ಮಾತು. ಮೊದಲು ಒಂದು ತೂಕದ ಯಂತ್ರ, ಒಂದು ನೋಟ್‌ಬುಕ್ ತನ್ನಿ. ಎದ್ದು ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ ತೂಕ ನೋಡಿ ಬರೆಯಿರಿ. ಒಂದೆರಡು ದಿನದಲ್ಲಿ ಒಂದು ಕೆಜಿ ಮೇಲೆ ಏರಿದರೆ ಕಾಯಬೇಡಿ, ಅವತ್ತೇ ಫೋನ್ ಮಾಡಿ. ಮಲಗಿದಾಗ ಉಸಿರು ಕಟ್ಟಿದರೆ ಫೋನ್ ಅಲ್ಲ, ಸೀದಾ ಆಸ್ಪತ್ರೆ. ಯಾವ ಮಾತ್ರೆಯನ್ನೂ ಕೇಳದೆ ನಿಲ್ಲಿಸಬೇಡಿ, ಹೊತ್ತನ್ನೂ ಬದಲಾಯಿಸಬೇಡಿ.

ನರ್ಸ್ ಇಟ್ಟರೆ ಮೊದಲ ವಾರಕ್ಕೆ ಸಾಕು. ಜಾಸ್ತಿ ದಿನ ಇದ್ದರೆ ನಿಮ್ಮ ತಂದೆ ಲೋಟ ಎತ್ತುವುದಕ್ಕೂ ಅವರನ್ನೇ ಕರೆಯುತ್ತಾರೆ. ಅವರು ನಡೆಯಬೇಕು, ಮೊದಲು ಹಜಾರದಲ್ಲಿ ಐದು ನಿಮಿಷ, ಆಮೇಲೆ ಬೀದಿಯಲ್ಲಿ. ಉಸಿರಾಟದ ವ್ಯಾಯಾಮಕ್ಕೆ ಮೂರು ಚೆಂಡಿನ ಡಬ್ಬಿ ಕೊಡುತ್ತಾರಲ್ಲ, ಎಲ್ಲರೂ ಅದನ್ನು ಊದುತ್ತಾರೆ. ಊದುವುದಲ್ಲ, ಉಸಿರು ಒಳಗೆ ಎಳೆಯಬೇಕು. ಎಬ್ಬಿಸುವಾಗ ಕಂಕುಳಿಗೆ ಕೈ ಹಾಕಿ ಎಳೆಯಬೇಡಿ. ಆಪರೇಷನ್ನಿಗೆ ಸೀಳಿದ ಎದೆಮೂಳೆಯನ್ನು ಸ್ಟೀಲ್ ತಂತಿಯಲ್ಲಿ ಕಟ್ಟಿರುತ್ತಾರೆ, ಕೂಡಿಕೊಳ್ಳಲು ಏನಿಲ್ಲವೆಂದರೂ ಆರರಿಂದ ಎಂಟು ವಾರ ಬೇಕು. ಕೆಮ್ಮು ಬಂದರೆ ದಿಂಬು ಅವಚಿಕೊಂಡು ಕೆಮ್ಮಲಿ. ಗಾಯದಲ್ಲಿ ಕೀವು, ಜ್ವರ, ಎದೆಯಲ್ಲಿ ಕಟಕಟ ಸದ್ದು ಇದ್ದರೆ ತಡ ಮಾಡಬೇಡಿ. ಸುಮ್ಮಸುಮ್ಮನೆ ಅಳುತ್ತಾರೆ, ಸಿಡುಕುತ್ತಾರೆ. ತುಂಬ ಜನರಿಗೆ ಹೀಗಾಗುತ್ತದೆ. ವಾರಗಟ್ಟಲೆ ಹಾಗೇ ಇದ್ದರೆ ಡಾಕ್ಟರಿಗೆ ಹೇಳಿ.

ನೆಂಟರ ವಿಷಯ. ನಮ್ಮೂರಲ್ಲಿ ಬಂದವರೆಲ್ಲ ಎಳನೀರು ತಂದರು. ಅಪ್ಪನಿಗೆ ನೀರು, ಕಾಫಿ, ಮಜ್ಜಿಗೆ ಎಲ್ಲ ಸೇರಿ ದಿನಕ್ಕೆ ಒಂದೂವರೆ ಲೀಟರ್ ಅಂತ ಮಿತಿ ಹಾಕಿದ್ದರು. ಎಳನೀರಲ್ಲಿ ಪೊಟ್ಯಾಸಿಯಂ ಬೇರೆ ಜಾಸ್ತಿ, ಕೆಲವು ಮಾತ್ರೆಗಳ ಜೊತೆ ಅದು ಆಗಿಬರುವುದಿಲ್ಲ. ಎರಡನೇ ಸಲ ಮನೆಗೆ ಬಂದ ಮೇಲೆ ತಂದವರಿಗೇ ಕೊಚ್ಚಿ ಕುಡಿಸಿ ಕಳಿಸಿದೆ. ಒಬ್ಬರು ಚಿಕ್ಕಪ್ಪ ಇವತ್ತಿಗೂ ಸರಿಯಾಗಿ ಮಾತಾಡಿಸುವುದಿಲ್ಲ.

ಕೊನೆಗೆ, ತೂಕದ ಯಂತ್ರವನ್ನು ಚಾಪೆ, ಮ್ಯಾಟ್ ಮೇಲೆ ಇಡಬೇಡಿ. ಗಟ್ಟಿ ನೆಲದ ಮೇಲೆ, ದಿನಾ ಒಂದೇ ಜಾಗದಲ್ಲಿ ಇಡಿ. ನಾವು ನಡುಮನೆಯ ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡಿದ್ದೆವು.