ಗುಳಿಗೆ ಬಿಟ್ಟದ್ದನ್ನು ಡಾಕ್ಟರಿಗೆ ಹೇಗೆ ಹೇಳಲಿ?

ಪ್ರಶ್ನೆ: ನನಗೆ 32 ವರ್ಷ. ಆರು ವರ್ಷದಿಂದ ಲೂಪಸ್ (ರೋಗನಿರೋಧಕ ವ್ಯವಸ್ಥೆ ಸ್ವಂತ ಮೈಯನ್ನೇ ಹೊಡೆಯುವ ಕಾಯಿಲೆ) ಇದೆ. ಮೂರು ವರ್ಷದ ಹಿಂದೆ ಕಿಡ್ನಿಗೂ ತಗುಲಿತ್ತು. ಪ್ರೆಡ್ನಿಸೊಲೋನ್, ಹೈಡ್ರಾಕ್ಸಿಕ್ಲೋರೊಕ್ವಿನ್, ಮೈಕೊಫಿನೊಲೇಟ್ ತೆಗೆದುಕೊಂಡು ಹತೋಟಿಯಲ್ಲಿತ್ತು. ಈಗ ಎಲ್ಲೆಡೆ ವೈರಸ್ ಹರಡುತ್ತಿದೆ. ‘ಆ ಗುಳಿಗೆಗಳು ರೋಗನಿರೋಧಕ ಶಕ್ತಿಯನ್ನೇ ಕೊಲ್ಲುತ್ತವೆ, ಬಿಟ್ಟುಬಿಡು’ ಎಂದು ಅಕ್ಕ ಹೇಳಿದಳು. ಹೆದರಿ ಹನ್ನೆರಡು ದಿನದಿಂದ ಮೈಕೊಫಿನೊಲೇಟ್ ನುಂಗಿಲ್ಲ, ಪ್ರೆಡ್ನಿಸೊಲೋನ್ ಅರ್ಧ ಮಾಡಿದ್ದೇನೆ. ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರ ಬಿಟ್ಟಿಲ್ಲ. ಡಾಕ್ಟರು ಬೈದಾರೆಂದು ಯಾರಿಗೂ ಹೇಳಿಲ್ಲ. ಇತ್ತ ಮನೆಗೆ ಬಂದವರಿಗೆ ಮಾಸ್ಕ್ ಹಾಕಿಕೊಳ್ಳಿ ಎಂದರೆ ಪತಿಗೆ ಮುಜುಗರ. ‘ನೋಡೋಕೆ ಚೆನ್ನಾಗೇ ಇದ್ದೀಯಲ್ಲ, ಯಾಕಿಷ್ಟು ಹೆದರ್ತೀಯ’ ಅನ್ನುತ್ತಾರೆ. ನನ್ನದು ಅತಿಯಾಯಿತೇ?

ಉತ್ತರ: ಮಿಕ್ಕಿದ್ದೆಲ್ಲ ಆಮೇಲೆ. ಮೊದಲು ಇವತ್ತೇ ನಿಮ್ಮ ಲೂಪಸ್ ನೋಡುವ ಡಾಕ್ಟರಿಗೆ (ರುಮಟಾಲಜಿಸ್ಟ್) ಫೋನ್ ಮಾಡಿ. ‘ಹನ್ನೆರಡು ದಿನದಿಂದ ಮೈಕೊಫಿನೊಲೇಟ್ ತೆಗೆದುಕೊಂಡಿಲ್ಲ, ಪ್ರೆಡ್ನಿಸೊಲೋನ್ ಅರ್ಧ ಮಾಡಿದ್ದೇನೆ, ಮತ್ತೆ ಹೇಗೆ ಶುರು ಮಾಡಲಿ?’ ಇಷ್ಟು ಹೇಳಿದರೆ ಸಾಕು. ಯಾಕೆ, ಯಾರು ಹೇಳಿದರು ಎಂಬ ಸಮಜಾಯಿಷಿ ಬೇಕಿಲ್ಲ. ಹೆದರಿ ಔಷಧ ಬಿಟ್ಟವರನ್ನು ಅವರು ಬೇಕಾದಷ್ಟು ನೋಡಿರುತ್ತಾರೆ. ಒಂದು ಮಾತು ಬೈದರೂ ಕೇಳಿಸಿಕೊಳ್ಳಿ, ಫೋನ್ ಮಾತ್ರ ಇಡಬೇಡಿ.

ಅವಸರಪಡಿಸಲು ಕಾರಣವಿದೆ. ಪ್ರೆಡ್ನಿಸೊಲೋನ್ ಒಂದು ಸ್ಟಿರಾಯ್ಡ್. ಬಹಳ ಕಾಲ ಸ್ಟಿರಾಯ್ಡ್ ತೆಗೆದುಕೊಂಡವರ ದೇಹದಲ್ಲಿ ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿ, ತಾನೇ ಸ್ಟಿರಾಯ್ಡ್ ತಯಾರಿಸುವ ಕೆಲಸವನ್ನು ತಗ್ಗಿಸಿಬಿಟ್ಟಿರುತ್ತದೆ. ಗುಳಿಗೆ ಥಟ್ಟನೆ ಕಡಿಮೆಯಾದರೆ ಅದು ಕೂಡಲೇ ಎಚ್ಚೆತ್ತುಕೊಳ್ಳುವುದಿಲ್ಲ. ವಿಪರೀತ ಸುಸ್ತು, ತಲೆಸುತ್ತು, ವಾಂತಿ, ಎದ್ದು ನಿಂತರೆ ಕಣ್ಣು ಕತ್ತಲೆ ಬರುವುದು ಇದ್ದರೆ ಫೋನಿಗೂ ಕಾಯಬೇಡಿ, ನೇರ ತುರ್ತು ಚಿಕಿತ್ಸೆಗೆ ಹೋಗಿ. ಜ್ವರ ಬಂದಾಗ ದೇಹಕ್ಕೆ ಇನ್ನೂ ಹೆಚ್ಚು ಸ್ಟಿರಾಯ್ಡ್ ಬೇಕಾಗಬಹುದು. ಅಂಥ ಹೊತ್ತಿನಲ್ಲೇ ನೀವು ಅರ್ಧಕ್ಕೆ ಇಳಿಸಿಕೊಂಡು ಕೂತಿದ್ದೀರಿ ಎಂಬುದೇ ನನ್ನ ಚಿಂತೆ.

ಅಕ್ಕ ಹೇಳಿದ್ದರಲ್ಲಿ ಸತ್ಯದ ಅಂಶ ಇಲ್ಲವೆನ್ನಲಾರೆ. ಮೈಕೊಫಿನೊಲೇಟ್, ಸ್ಟಿರಾಯ್ಡ್ ಎರಡೂ ಸೋಂಕಿನ ಅಪಾಯವನ್ನು ಹೆಚ್ಚಿಸುತ್ತವೆ. ಆದರೆ ಹತೋಟಿ ತಪ್ಪಿದ ಲೂಪಸ್ ಕೂಡ ಸೋಂಕಿಗೆ ಬಾಗಿಲು ತೆರೆಯುತ್ತದೆ. ನಿಮ್ಮ ರೋಗನಿರೋಧಕ ವ್ಯವಸ್ಥೆ ಸೋತು ಮಲಗಿಲ್ಲ, ದಾರಿ ತಪ್ಪಿ ನಿಮ್ಮ ಮೈಯನ್ನೇ ಹೊಡೆಯುತ್ತಿದೆ. ಕಾಯಿಲೆ ಕೆರಳಿ ಮತ್ತೆ ಕಿಡ್ನಿಗೆ ಬಂದರೆ ಅದನ್ನು ತಣಿಸಲು ಭಾರೀ ಪ್ರಮಾಣದ ಸ್ಟಿರಾಯ್ಡೇ ಬೇಕಾಗುತ್ತದೆ. ಯಾವುದಕ್ಕೆ ಹೆದರಿ ಓಡಿದಿರೋ ಅದರ ಕೈಗೇ ಇನ್ನೂ ಬಿಗಿಯಾಗಿ ಸಿಕ್ಕಂತಾಗುತ್ತದೆ. ಕಿಡ್ನಿಯ ಕೆರಳಿಕೆಗೆ ಎಷ್ಟೋ ಸಲ ನೋವೇ ಇರುವುದಿಲ್ಲ. ಮೂತ್ರದಲ್ಲಿ ನೊರೆ, ಕಾಲೂತ, ಏರಿದ ರಕ್ತದೊತ್ತಡದಲ್ಲಷ್ಟೇ ಅದು ತೋರುತ್ತದೆ. ಹಾಗಾಗಿ ಮೂತ್ರ ಪರೀಕ್ಷೆ ಬೇಕೇ ಎಂದು ಆ ಫೋನಿನಲ್ಲೇ ಕೇಳಿಬಿಡಿ.

ಹೈಡ್ರಾಕ್ಸಿಕ್ಲೋರೊಕ್ವಿನ್ ನೀವು ಬಿಟ್ಟಿಲ್ಲವೆಂದು ಓದಿ ಸಮಾಧಾನವಾಯಿತು. 2020ರಲ್ಲಿ ಅದೇ ಗುಳಿಗೆ ಕೋವಿಡ್‌ಗೆ ಮದ್ದು ಎಂದು ಲೋಕವೆಲ್ಲ ಮುಗಿಬಿದ್ದು, ಅದನ್ನೇ ನಂಬಿದ್ದ ಲೂಪಸ್ ರೋಗಿಗಳಿಗೆ ಸಿಗದೆ ಹೋಗಿತ್ತು. ಆ ವರ್ಷ ಜೂನ್‌ನಲ್ಲಿ ಬ್ರಿಟನ್ನಿನ ‘ರಿಕವರಿ’ ಎಂಬ ಔಷಧ ಪ್ರಯೋಗ, ಆಸ್ಪತ್ರೆಗೆ ಸೇರಿದ ಕೋವಿಡ್ ರೋಗಿಗಳಿಗೆ ಅದರಿಂದ ಲಾಭವಿಲ್ಲವೆಂದು ತೋರಿಸಿತು. ಗುಳಿಗೆ ಸಿಗದೆ ಪರದಾಡಿದ ಆ ರೋಗಿಗಳನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಹೈಡ್ರಾಕ್ಸಿಕ್ಲೋರೊಕ್ವಿನ್ ವೈರಸ್ಸಿಗೆ ಗುರಾಣಿಯಲ್ಲ, ಲೂಪಸ್ ಕೆರಳದಂತೆ ಕಾಯುವ ಔಷಧ. ಕೆಲವು ವಾರಗಳಿಗೆ ಸಾಲುವಷ್ಟು ಗುಳಿಗೆ ಮನೆಯಲ್ಲಿರಲಿ.

ಜ್ವರ ಬಂದರೆ ಏನು ಮಾಡಬೇಕೆಂದು ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ. 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅಂದೇ ತಿಳಿಸಿ. ಸ್ಟಿರಾಯ್ಡ್ ಜ್ವರವನ್ನು ಮರೆಮಾಚಬಲ್ಲದು, ಆದ್ದರಿಂದ ಮೈ ಬಿಸಿಯಿಲ್ಲದೆ ಕೆಮ್ಮು, ಉಬ್ಬಸ ಬಂದರೂ ತಿಳಿಸಲೇಬೇಕು. ಬಂದದ್ದು ವೈರಸ್ಸೋ ಲೂಪಸ್ ಕೆರಳಿದ್ದೋ ಎಂದು ನೀವು ಊಹಿಸಲು ಹೋಗಬೇಡಿ, ಅದಕ್ಕೆ ರಕ್ತ ಪರೀಕ್ಷೆಗಳಿವೆ. ಸೋಂಕು ಖಚಿತವಾದರೆ ಡಾಕ್ಟರೇ ಕೆಲವು ದಿನ ಮೈಕೊಫಿನೊಲೇಟ್ ನಿಲ್ಲಿಸಲು ಹೇಳಬಹುದು. ಅದನ್ನು ಮತ್ತೆ ಯಾವಾಗ ಶುರು ಮಾಡಬೇಕೆಂಬ ಲೆಕ್ಕ ಅವರ ಹತ್ತಿರ ಇರುತ್ತದೆ. ಐಬುಪ್ರೊಫೆನ್‌ನಂಥ ನೋವಿನ ಗುಳಿಗೆಗಳು ನಿಮ್ಮ ಕಿಡ್ನಿಗೆ ಒಳ್ಳೆಯದಲ್ಲ, ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಸುರಕ್ಷಿತ. ಹೊಸ ಡಾಕ್ಟರನ್ನು ನೋಡಬೇಕಾಗಿ ಬಂದರೆ ನಿಮ್ಮ ಔಷಧಗಳ ಪಟ್ಟಿ ಕೈಯಲ್ಲಿರಲಿ. ಸಲ್ಫಾ ಆಂಟಿಬಯೋಟಿಕ್‌ಗಳು ಕೆಲವರಲ್ಲಿ ಲೂಪಸ್ ಕೆರಳಿಸುತ್ತವೆ ಎಂಬುದನ್ನೂ ಅವರಿಗೆ ನೆನಪಿಸಿ. ಚಳಿಗೆ ನಿಮ್ಮ ಬೆರಳು ಬೆಳ್ಳಗೆ, ನೀಲಿಯಾಗಿ ತಣ್ಣಗಾಗುವುದುಂಟೇ? ಹಾಗಿದ್ದರೆ ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಹಾಕುವ ಆಕ್ಸಿಮೀಟರ್ ತಪ್ಪು ಅಂಕಿ ತೋರಿಸಬಹುದು. ಕೈ ಬೆಚ್ಚಗೆ ಮಾಡಿಕೊಂಡು ನೋಡಿ.

ಲಸಿಕೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಜೀವಂತ ವೈರಸ್ ಇರುವ ಲಸಿಕೆಗಳು ನಿಮಗೆ ಬೇಡ. ಉಳಿದವನ್ನು ಡಾಕ್ಟರನ್ನು ಕೇಳಿ ಸಮಯ ನೋಡಿ ಹಾಕಿಸಿಕೊಳ್ಳಬಹುದು. ಪತಿಯೂ ಹಾಕಿಸಿಕೊಂಡರೆ ನಿಮಗೂ ಕಾವಲು. ‘ಇಮ್ಯುನಿಟಿ ಹೆಚ್ಚಿಸುವ’ ಪುಡಿ, ಕಷಾಯಗಳನ್ನು ಮುಟ್ಟಬೇಡಿ.

ಇನ್ನು ‘ಅತಿಯಾಯಿತೇ’ ಎಂಬ ಪ್ರಶ್ನೆ. ಮಾಸ್ಕ್ ಕೇಳಿದ್ದು ಖಂಡಿತ ಅತಿಯಲ್ಲ. ‘ನೋಡೋಕೆ ಚೆನ್ನಾಗೇ ಇದ್ದೀಯ’ ಎಂಬ ಮಾತು ಎಷ್ಟು ಚುಚ್ಚುತ್ತದೆಂದು ಲೂಪಸ್ ಇರುವವರಿಗೇ ಗೊತ್ತು. ನೀವು ಚೆನ್ನಾಗಿ ಕಾಣುವುದು ದಿನವೂ ನುಂಗುವ ಗುಳಿಗೆಯಿಂದ, ಬಿಸಿಲು ತಪ್ಪಿಸಿ ನಡೆಯುವುದರಿಂದ, ಸುಸ್ತನ್ನು ಲೆಕ್ಕ ಹಾಕಿ ಕೆಲಸ ಮಾಡುವುದರಿಂದ. ಆ ದುಡಿಮೆ ನಿಮ್ಮ ಪತಿಗೆ ಕಂಡಿಲ್ಲ. ಅವರು ಕೆಟ್ಟವರೆಂದು ನನಗನ್ನಿಸುವುದಿಲ್ಲ. ಬಂದವರ ಮುಂದೆ ಬಾಯಿ ಬಿಡಲು ಅವರಿಗೆ ಮಾತು ಸಿಗುತ್ತಿಲ್ಲ, ಅಷ್ಟೆ. ಆ ಮಾತನ್ನು ನೀವೇ ಕೊಡಿ: ‘ಇವಳ ಔಷಧದಿಂದ ಸೋಂಕು ಬೇಗ ತಗಲುತ್ತೆ, ಒಳಗೆ ಮಾಸ್ಕ್ ಇರಲಿ. ನೆಗಡಿ ಇದ್ದರೆ ವಾಸಿಯಾದ ಮೇಲೆ ಬನ್ನಿ.’ ಇದನ್ನು ನೀವಲ್ಲ, ಅವರು ಬಾಗಿಲಲ್ಲೇ ಹೇಳಬೇಕು. ಕಾಯಿಲೆ ಹೊತ್ತವಳೇ ಪ್ರತಿಸಲ ನಿಷ್ಠುರವನ್ನೂ ಹೊರುವುದು ನ್ಯಾಯವಲ್ಲ.

ಯಾರನ್ನೂ ನೋಡದೆ ಕೋಣೆಯಲ್ಲಿ ಕೂರಬೇಕೆಂದೂ ಇಲ್ಲ. ಗಾಳಿಯಾಡುವ ಜಾಗದಲ್ಲಿ, ನೆರಳಿನಲ್ಲಿ, ಸಂಜೆಯ ಹೊತ್ತು ಒಂದಿಬ್ಬರ ಜೊತೆ ಕೂತು ಮಾತಾಡಿ. ಕಿಟಕಿ ತೆರೆದಿಡಿ. ಜನ ತುಂಬಿದ ಮುಚ್ಚಿದ ಜಾಗಕ್ಕೆ ಹೋಗಲೇಬೇಕಾದರೆ ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಹಾಕಿಕೊಳ್ಳಿ.

ಡಾಕ್ಟರಿಗೆ ಫೋನ್ ಮಾಡುವಾಗ ಪತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಸ್ಪೀಕರ್ ಹಾಕಿ. ಗುಳಿಗೆ ಬಿಟ್ಟ ವಿಷಯ ಅವರಿಗೂ ಆಗಲೇ ಗೊತ್ತಾಗಲಿ.