ನೈಜೀರಿಯಾದ ಪೋರ್ಟ್ ಹಾರ್ಕೋರ್ಟ್ ತೈಲಕ್ಕಾಗಿಯೇ ಕಟ್ಟಿದ ಊರೇ?

ಅಲ್ಲ, ಕಲ್ಲಿದ್ದಲಿಗಾಗಿ. ಎನುಗು ಬಳಿ 1909ರಲ್ಲಿ ಕಲ್ಲಿದ್ದಲು ಸಿಕ್ಕಿತು. ಅದನ್ನು ಹಡಗಿಗೇರಿಸಲು ಬ್ರಿಟಿಷರು ಬಾನಿ ನದಿಯ ದಂಡೆಯಲ್ಲಿ, ಸಮುದ್ರದಿಂದ ಸಾಕಷ್ಟು ಒಳಗೆ, ಬಂದರು ಕಟ್ಟಿದರು. 1913ರಲ್ಲಿ ಅದಕ್ಕೆ ಲಂಡನ್ನಿನ ವಸಾಹತು ಮಂತ್ರಿ ಹಾರ್ಕೋರ್ಟ್‌ನ ಹೆಸರು ಬಿತ್ತು. ನೆಲ ಮಾತ್ರ ಇಕ್ವೆರೆ ಜನರದ್ದು!

1956ರಲ್ಲಿ ಅದೇ ನೈಜರ್ ನದೀಮುಖಜ ಪ್ರದೇಶದ ಒಲೊಯ್ಬಿರಿ ಎಂಬ ಹಳ್ಳಿಯಲ್ಲಿ ತೈಲ ಸಿಕ್ಕಿತು. 1958ಕ್ಕೆ ರಫ್ತು ಶುರು, 1965ಕ್ಕೆ ಊರ ಪಕ್ಕದಲ್ಲೇ ರಿಫೈನರಿ. ಹಾಗಾಗಿ 1967ರಲ್ಲಿ ಇಗ್ಬೋ ಜನರೇ ಹೆಚ್ಚಿದ್ದ ಪೂರ್ವ ನೈಜೀರಿಯಾ ತಾನು ಬಿಯಾಫ್ರಾ ಎಂಬ ಬೇರೆ ದೇಶವೆಂದು ಘೋಷಿಸಿಕೊಂಡು ಯುದ್ಧ ಶುರುವಾದಾಗ, ಬಿಯಾಫ್ರಾಕ್ಕೂ ನೈಜೀರಿಯಾ ಸರ್ಕಾರಕ್ಕೂ ಈ ಬಂದರು ಬೇಕೇ ಬೇಕಿತ್ತು. 1968ರ ಮೇ ತಿಂಗಳಲ್ಲಿ ಅದು ಸರ್ಕಾರಿ ಸೇನೆಯ ಕೈಸೇರಿತು. ಬಿಯಾಫ್ರಾಕ್ಕೆ ಸಮುದ್ರದ ದಾರಿಯೇ ಮುಚ್ಚಿಹೋಗಿ, ಅನ್ನ, ಔಷಧಿಗೆ ರಾತ್ರಿ ಹೊತ್ತು ಉಲಿ ಎಂಬ ಊರಲ್ಲಿ ರನ್‌ವೇ ಮಾಡಿಕೊಂಡಿದ್ದ ರಸ್ತೆಯ ಮೇಲೆ ಇಳಿಯುತ್ತಿದ್ದ ವಿಮಾನಗಳೇ ಗತಿಯಾದವು.

ನನ್ನ ಪ್ರಕಾರ ಊರನ್ನು ನಿಜಕ್ಕೂ ಬದಲಿಸಿದ್ದು ಯುದ್ಧ ಮುಗಿದ ಮೇಲಿನ ಕಥೆ. ಯುದ್ಧದಲ್ಲಿ ಊರು ಬಿಟ್ಟು ಓಡಿಹೋಗಿದ್ದ ಇಗ್ಬೋ ಜನ 1970ರಲ್ಲಿ ಮರಳಿದರೆ, ಅವರ ಮನೆಗಳೆಲ್ಲ ‘ವಾರಸುದಾರರಿಲ್ಲದ ಆಸ್ತಿ’! ಬಾಗಿಲು ತೆರೆದವರು ಬೇರೆಯವರು. ಆ ತಕರಾರು ದಶಕಗಟ್ಟಲೆ ಎಳೆಯಿತು.

ತೈಲದ ಗುರುತು ಈಗ ಅಂಗಾಲಲ್ಲೂ ಕಾಣುತ್ತದೆ. ಕದ್ದ ಕಚ್ಚಾತೈಲವನ್ನು ಕಾಡಿನಲ್ಲಿ ಕುದಿಸುವ ಕಳ್ಳ ಭಟ್ಟಿಗಳಿಂದಾಗಿ 2016ರ ಕೊನೆಯಿಂದ ಊರ ಮೇಲೆ ಮಸಿ ಉದುರತೊಡಗಿತು. ಗುಡಿಸಿದ ನೆಲದ ಮೇಲೆ ಬರಿಗಾಲಲ್ಲಿ ನಡೆದರೂ ಕಾಲು ಕಪ್ಪು.